ಮಗ್ಗ ನಡೆಯುವಾಗ ಅಕ್ಕ ಆಡುತ್ತಿದ್ದ ಮಾತು

ಕೊಲ್ಹಾಪುರದ ಡಾಕ್ಟರು ನನ್ನ ಅಕ್ಕನ ಬಾಯಿ ಬಿಡಿಸಿದರು ಎಂಬುದು ನಮ್ಮ ಮನೆಯಲ್ಲಿ ಈಗ ಎಲ್ಲರೂ ಒಪ್ಪಿಕೊಂಡಿರುವ ಮಾತು. ಗಡಹಿಂಗ್ಲಜದ ನಮ್ಮ ಬೆಲ್ಲದ ಅಂಗಡಿಗೆ ಬಂದವರಿಗೆಲ್ಲ ಅಪ್ಪ ಇದನ್ನು ಹೇಳುತ್ತಾರೆ. ರಜೆಗೆ ಬಂದ ನಾನು ಅಲ್ಲಿದ್ದರೆ ನನ್ನತ್ತ ಕೈ ಮಾಡಿ, ಅರ್ಧ ಕೆಲಸ ಈಕೆಯದೇ ಎಂದೂ ಸೇರಿಸುತ್ತಾರೆ. ಅರ್ಧ ಕೆಲಸ ನನ್ನದು, ನಿಜ. ಉಳಿದದ್ದಕ್ಕೆ ನನ್ನ ತಕರಾರಿದೆ. ಬಾಯಿ ಬಿಡಿಸಿದರು ಎನ್ನಬೇಕಾದರೆ ಮೊದಲು ಅದು ಮುಚ್ಚಿತ್ತು ಎಂದು ಸಾಬೀತು ಮಾಡಬೇಕಲ್ಲ.

ಅಕ್ಕನನ್ನು ಇಚಲಕರಂಜಿಗೆ ಹೊಂದಿಕೊಂಡ ಕಬನೂರಿಗೆ ಕೊಟ್ಟಿತ್ತು. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ನಾಲ್ಕು ಪಾವರಲೂಮು, ಕರೆಂಟಿನ ಮಗ್ಗ. ಏಳು ತಿಂಗಳ ಗಂಡುಮಗು ಜ್ವರ ಬಂದು ಮೂರೇ ದಿನದಲ್ಲಿ ಹೋಯಿತು. ಮಣ್ಣು ಮಾಡಿ ಬಂದ ದಿನದಿಂದ ಅಕ್ಕ ಯಾರ ಹತ್ತಿರವೂ ಮಾತಾಡಲಿಲ್ಲ. ರೊಟ್ಟಿ ಬಡಿಯುತ್ತಿದ್ದಳು, ನೀರು ತರುತ್ತಿದ್ದಳು, ಶೆಡ್ಡಿನಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳು, ಅಷ್ಟೆ. ಅಯ್ಯನವರ ವಿಭೂತಿ ಆಯಿತು, ತಾಯಿತ ಆಯಿತು. ಆರು ತಿಂಗಳ ಮೇಲೆ ಅವಳ ಅತ್ತೆ ಅಪ್ಪನನ್ನು ಕರೆಸಿ, ಸಿಟ್ಟಿಲ್ಲದೆ ಹೇಳಿದಳು. ಯುಗಾದಿಯವರೆಗೆ ನೋಡುತ್ತೇವೆ, ಮಾತಾಡದಿದ್ದರೆ ಸೋಡಚೀಟಿ ಬರೆದು ಸಂಬಂಧ ಬಿಡಿಸಿಕೊಂಡು ತವರಿಗೆ ಕಳಿಸುತ್ತೇವೆ, ಹುಡುಗನಿಗೆ ಬೇರೆ ಹೆಣ್ಣು ನೋಡಬೇಕು. ಕಾಯದೆ ಏನೇ ಹೇಳಲಿ, ನಮ್ಮ ಕಡೆ ಪಂಚರ ಮುಂದೆ ಬರೆದ ಚೀಟಿಗೆ ಎದುರಿರಲಿಲ್ಲ.

ನಾನಾಗ ಕೊಲ್ಹಾಪುರದಲ್ಲಿ ಕಾಕಾನ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದೆ. ವಾದಸ್ಪರ್ಧೆಗಳಲ್ಲಿ ಮರಾಠಿ ಹುಡುಗರನ್ನು ಮರಾಠಿಯಲ್ಲೇ ಸೋಲಿಸಿ ಬಂದ ಸೊಕ್ಕು ಇತ್ತು. ವಿಭೂತಿಯ ವಿರುದ್ಧ ಅಪ್ಪನೊಡನೆ ಒಂದು ಗಂಟೆ ವಾದಿಸಿ ಗೆದ್ದು, ಅಕ್ಕನನ್ನು ಮನೋರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಅವರು ಮುಂಬಯಿಯಲ್ಲಿ ಕಲಿತುಬಂದ ಮರಾಠಿ ಗೃಹಸ್ಥರು. ಗುಳಿಗೆಗಿಂತ ಮಾತಿನ ಮೇಲೆ ಅವರಿಗೆ ನಂಬಿಕೆ ಹೆಚ್ಚು. ಕೋಣೆಯ ಕಿಟಕಿಗೆ ದಪ್ಪ ಪರದೆ. ಟಿಕ್‌ಟಿಕ್ ಕೇಳಬಾರದೆಂದು ಗಡಿಯಾರವನ್ನೂ ಹೊರಗೆ ತೂಗುಹಾಕಿದ್ದರು. ಇಲ್ಲಿ ಮನಸ್ಸು ಬಿಚ್ಚಿ ಮಾತಾಡಿ, ಯಾರೂ ತಡೆಯುವುದಿಲ್ಲ ಎಂದು ಅವರು ಮರಾಠಿಯಲ್ಲಿ ಹೇಳುವುದು, ನಾನು ಕನ್ನಡ ಮಾಡುವುದು, ಅಕ್ಕ ಸೆರಗು ಎಳೆದುಕೊಂಡು ಬಾಗಿಲು ನೋಡುವುದು. ಐದು ಸಲ ಹೀಗೇ ಆಯಿತು. ಐದನೆಯ ಸಲ ನಾನು ತಡೆಯಲಾರದೆ, ಇಷ್ಟು ನಿಶ್ಶಬ್ದದಲ್ಲಿ ನಮ್ಮ ಕಡೆಯ ಹೆಂಗಸು ಉಸಿರನ್ನೂ ಬಿಡುವುದಿಲ್ಲ, ನಿಮ್ಮ ಪದ್ಧತಿ ಒಬ್ಬರೇ ಒಂದು ಕೋಣೆಯಲ್ಲಿರುವ ಜನಕ್ಕೆ ಮಾಡಿದ್ದು ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. "ಮಗ ತುಮ್ಹೀಚ ಸಾಂಗಾ," ಎಂದರು. ಹಾಗಾದರೆ ನೀವೇ ಹೇಳಿ.

ಉತ್ತರ ಸಿಕ್ಕಿದ್ದು ಅಕ್ಕನನ್ನು ಬಿಡಲು ಕಬನೂರಿಗೆ ಹೋದಾಗ. ನಾಲ್ಕೂ ಮಗ್ಗ ಹೊಡೆಯುತ್ತಿದ್ದವು. ಕಿವಿಯಲ್ಲಿ ಕೂಗಿದರೂ ಕೇಳದಷ್ಟು ಸದ್ದು. ಕಂಡಿಕೆ ಸುತ್ತುತ್ತ ಕೂತ ಅಕ್ಕನ ತುಟಿಗಳು ಆಡುತ್ತಿದ್ದವು. ಮಧ್ಯೆ ಹುಬ್ಬು ಏರುತ್ತಿತ್ತು, ಒಮ್ಮೆ ನಕ್ಕಳು ಕೂಡ. ಪಕ್ಕದ ರಾಟಿಯಲ್ಲಿ ನೂಲು ಸುತ್ತುತ್ತಿದ್ದ ಮುದುಕಿ ನನ್ನನ್ನು ತೋಳು ಹಿಡಿದು ಹೊರಗೆ ಎಳೆತಂದಳು.

"ಏ ಕಾಲೇಜ ಬಾಯಿ, ಹಂಗ ನೋಡಬಾರದು."

"ಆಯಿ, ಅಕ್ಕ ಮಾತಾಡಾಕತ್ತಾಳ."

"ದಿನಾ ಮಾತಾಡತಾಳ. ಅದರಾಗ ಏನೈತಿ? ನಾವೆಲ್ಲಾರೂ ಹಂಗ. ಅತ್ತೀಗೆ ಬೈಯೂದು ಇಲ್ಲೇ, ಅಳೂದು ಇಲ್ಲೇ. ನಾ ನನ್ನ ಗಂಡಗ ಬೈದದ್ದು ಕೇಳಿದ್ರ ನಿಮ್ಮ ಕಾಲೇಜ ಬಿದ್ದು ಹೋದೀತು."

"ಅಕಿ ಏನ್ ಅಂತಾಳ?"

"ನನಗೇನ್ ಗೊತ್ತವಾ. ಮಗ್ಗ ಚಾಲೂ ಇದ್ದಾಗ ಒಬ್ಬರ ಬಾಯಿ ಒಬ್ಬರು ನೋಡಂಗಿಲ್ಲ."

ಬರೆದಿಡದ, ಆದರೆ ಆ ಶೆಡ್ಡಿನ ಹೆಂಗಸರು ಯಾರೂ ಮೀರದ ಕಟ್ಟಳೆ ಅದು. ನಾನು ಅದನ್ನು ಡಾಕ್ಟರಿಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. ಅವಳ ಕೋಣೆ ಅದೇ, ಹಾಗಾದರೆ ಚಿಕಿತ್ಸೆಯೂ ಅಲ್ಲಿಂದಲೇ ಶುರುವಾಗಲಿ, ಆದರೆ ಏನು ಹೇಳುತ್ತಾಳೆಂದು ತಿಳಿಯದೆ ನಾನೇನು ಮಾಡಲಿ ಎಂದರು. ಯುಗಾದಿಗೆ ಇಪ್ಪತ್ತು ದಿನವಿತ್ತು. ಕಟ್ಟಳೆ ಗೊತ್ತಿದ್ದೇ ನಾನು ಅದನ್ನು ಮುರಿದೆ. ರಜೆ ಹಾಕಿ ಕಬನೂರಿನಲ್ಲಿ ಉಳಿದು, ಕೆಲಸ ಕಲಿಯುವ ನೆಪದಲ್ಲಿ ಅಕ್ಕನ ಎದುರಿನ ರಾಟಿಗೆ ಕೂತೆ. ಮೂರು ದಿನ ಏನೂ ತಿಳಿಯಲಿಲ್ಲ. ನಾಲ್ಕನೆಯ ದಿನದಿಂದ ತುಟಿ ಓದಲು ಬಂತು. ಚಿಕ್ಕಂದಿನಿಂದ ನೋಡಿದ ತುಟಿಗಳಲ್ಲವೆ.

ಅವಳು ಮಾತಾಡುತ್ತಿದ್ದುದು ಮಗನ ಜೊತೆ. ಇವತ್ತು ಪುಂಡಿಪಲ್ಯ ಮಾಡಿದ್ದೆ, ಖಾರ ಆಯಿತು. ನಿಮ್ಮಪ್ಪನ ಅಂಗಿಗೆ ಗುಂಡಿ ಹಚ್ಚಬೇಕು. ಬಹಳಷ್ಟು ಇಂಥವೇ. ಒಂದು ಮಾತು ಮಾತ್ರ ದಿನವೂ ಬರುತ್ತಿತ್ತು: ನಿನ್ನ ಕುಂಚಿಗೆ ನಿಮ್ಮಜ್ಜಿ ಯಾರಿಗೋ ಕೊಟ್ಟಾಳಪ್ಪಾ, ತಲಿಗೆ ಥಂಡಿ ಹತ್ತೀತು. ಮಗುವಿನ ತಲೆ, ಬೆನ್ನು ಮುಚ್ಚುವ ಆ ಕುಂಚಿಗೆಯನ್ನು ಅವಳೇ ಹೊಲಿದದ್ದು.

ಮರಾಠಿ ಮಾಡಿ ಬರೆದುಕೊಂಡು ಹೋಗಿ ಕೊಟ್ಟೆ. ಗಂಟು ಸಿಕ್ಕಿತು ಎಂದರು ಡಾಕ್ಟರು. ಗಂಡ ಮತ್ತು ಅತ್ತೆಯನ್ನು ತಮ್ಮ ಅದೇ ಪರದೆಯ ಕೋಣೆಗೆ ಕರೆಸಿ, ಅಕ್ಕನನ್ನೂ ಕೂರಿಸಿ, ನನ್ನ ಕಾಗದವನ್ನು ಮರಾಠಿಯಲ್ಲಿ ಓದಿದರು. ನಾನು ಮತ್ತೆ ಕನ್ನಡ ಮಾಡಿದೆ. ಅಕ್ಕನ ಮಾತನ್ನು ಅಕ್ಕನ ಎದುರಿಗೇ, ಸ್ಪಷ್ಟ ಉಚ್ಚಾರದಲ್ಲಿ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಕಣ್ಣಮುಂದ ಇದ್ರ ಅಳತಾಳಂತ ಕೊಟ್ಟೆನ್ರಿ," ಎಂದಳು.

ಮರುದಿನ ಕೂಸಿದ್ದ ಯಾರದೋ ಮನೆಯಿಂದ ಕುಂಚಿಗೆ ತಿರುಗಿ ತಂದು ಅಕ್ಕನ ಉಡಿಯಲ್ಲಿಟ್ಟಳು. ಅಕ್ಕ ಅದನ್ನು ಮಡಚಿ, ಅತ್ತೆಯ ಕೈಗೇ ಕೊಟ್ಟು, "ಇರಲಿ ಬಿಡ್ರಿ ಅತ್ತಿ. ಆ ಕೂಸಿಗೆ ಥಂಡಿ ಆಗತೈತಿ," ಎಂದಳು.

ಎಂಟು ತಿಂಗಳಲ್ಲಿ ಮನೆಯವರು ಕೇಳಿದ ಮೊದಲ ಮಾತು. ಸೋಡಚೀಟಿಯ ಸುದ್ದಿ ಅಲ್ಲಿಗೆ ಮುಗಿಯಿತು. ಅಪ್ಪನ ಕಥೆಯೂ ಅಲ್ಲಿಗೇ ಮುಗಿಯುತ್ತದೆ.

ಆ ಮಧ್ಯಾಹ್ನ ಮಗ್ಗ ಚಾಲೂ ಆದಾಗ ಅಕ್ಕನ ತುಟಿ ಆಡಲಿಲ್ಲ. ಮರುದಿನವೂ ಇಲ್ಲ. ಈ ಮಾತಿಗೆ ಈಗ ನಾಲ್ಕು ವರ್ಷ. ಊಟಕ್ಕ ಏಳ್ರಿ, ನೀರ ಬಂತು ನೋಡ್ರಿ, ಹೂಂ, ಹೌದ್ರಿ. ಮನೆಯವರ ಹತ್ತಿರ ಬೇಕಾದಷ್ಟು ಮಾತಾಡುತ್ತಾಳೆ. ಎರಡು ವರ್ಷದ ಹೆಣ್ಣುಮಗಳಿದ್ದಾಳೆ. ದುಃಖ ಕಳೆಯಿತು, ಆದ್ದರಿಂದ ಆ ಮಾತು ಬೇಡವಾಯಿತು ಎಂದು ಡಾಕ್ಟರು ವಾದಿಸುತ್ತಾರೆ. ಎದುರು ಪಕ್ಷದಲ್ಲಿ ನಾನಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅದನ್ನು ಖಂಡಿಸಲು ನನ್ನಲ್ಲಿ ಒಂದು ಪುರಾವೆಯೂ ಇಲ್ಲ. ಅವಳ ಮನೆ ಉಳಿಯಿತು. ಅದಕ್ಕೆ ಪ್ರತಿಯಾಗಿ ನಾನು ಏನನ್ನು ಕಿತ್ತುಕೊಂಡೆ ಎಂಬುದನ್ನು ನನ್ನ ಹೊರತು ಯಾರೂ ಕೇಳಿಲ್ಲ. ರಾಟಿಯ ಆ ಮುದುಕಿಯೊಬ್ಬಳನ್ನು ಬಿಟ್ಟರೆ. ಅವಳು ಇಂದಿಗೂ ನಾನು ಶೆಡ್ಡಿಗೆ ಬಂದರೆ ಕುಳಿತಲ್ಲೇ ಗೋಡೆಯ ಕಡೆಗೆ ತಿರುಗುತ್ತಾಳೆ.

ಕಳೆದ ತಿಂಗಳು ಹೋದಾಗ ಕೇಳಿಯೇ ಬಿಟ್ಟೆ. ಅಕ್ಕ ಹರಿದ ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸುತ್ತಿದ್ದಳು. ಮಗ್ಗ ನಿಂತಿರಲಿಲ್ಲ, ನನ್ನ ತುಟಿಯನ್ನು ಓದಲಿ, ಬೇಡವಾದರೆ ಬಿಡಲಿ ಎಂದು ಸದ್ದಿನಲ್ಲೇ ಕೇಳಿದೆ.

"ಅಕ್ಕಾ, ಈಗ ಮಗನ ಕೂಡ ಎಲ್ಲಿ ಮಾತಾಡತೀ?"