ನೆಗೆಣ್ಣಿಯ ಕೋಳಿಗೂಡು

ಜವಳಗೇರಾದಲ್ಲಿ ನಮ್ಮ ಹಿತ್ತಲಿಗೂ ನೆಗೆಣ್ಣಿಯ ಹಿತ್ತಲಿಗೂ ನಡುವೆ ಸೊಂಟದೆತ್ತರದ ಗೋಡೆ ಒಂದೇ. ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಆಕೆಯ ಕೋಳಿ ಒಂದೂ ಕಡಿಮೆಯಾಗುತ್ತಿರಲಿಲ್ಲ. ನನ್ನವು ಮಾತ್ರ ಮುಂಗುಸಿಯ ಪಾಲು. ಲಿಂಗಸುಗೂರಿನಿಂದ ನಾದಿನಿ ಬಂದರೆ ಊಟ ಆ ಮನೆಯಲ್ಲೇ, ಜವಾರಿ ಕೋಳಿ ಸಾರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೇಳಿದ್ದರೆ ಉಪಾಯ ಹೇಳುತ್ತಿದ್ದಳು. ಕೇಳಿದರೆ ಆಕೆ ದೊಡ್ಡವಳಾಗಿಬಿಡುತ್ತಾಳಲ್ಲ! ಗೋಡೆಯ ಮೇಲಿಂದ ಕದ್ದು ನೋಡಿ ಅಂಥದ್ದೇ ಗೂಡು ಕಟ್ಟಿದೆ. ಸಿಂಧನೂರಿನಿಂದ ಸಣ್ಣ ಕಣ್ಣಿನ ಜಾಲರಿ ತಂದೆ, ಕಬ್ಬಿಣದ ಚಿಲಕ ಹಾಕಿಸಿದೆ, ಆಕೆಯದಕ್ಕಿಂತ ಒಂದು ಗೇಣು ಎತ್ತರವೇ ಮಾಡಿದೆ. ಮೂರನೆಯ ದಿನ ಮುಂಗುಸಿ ಅಡಿಯಿಂದ ಮಣ್ಣು ಕೆದರಿ ಒಳಹೊಕ್ಕು, ಕಾವಿಗೆ ಕೂತ ಕೋಳಿಯನ್ನೂ ಉಳಿದ ಹೇಂಟೆಗಳನ್ನೂ ಮುಗಿಸಿತ್ತು.

ಆಗ ನನ್ನ ಗಂಡ ಬಾಯಿಬಿಟ್ಟ. "ಅತ್ತಿಗಿ ಗೂಡಿನ ಬುಡಕ ಪರಸಿ ಕಲ್ಲು ಹಾಸ್ಯಾಳ. ಮ್ಯಾಲೆ ಭತ್ತದ ಹೊಟ್ಟು ಹಾಕ್ಯಾಳ. ಕಲ್ಲು ನಾನ ಹೊತ್ತು ಕೊಟ್ಟೀನಿ."

"ಇಷ್ಟ್ ದಿನಾ ಯಾಕ ಹೇಳ್ಲಿಲ್ರೀ?"

"ನೀ ಎಲ್ಲಿ ಕೇಳಿದಿ?"

ಕಲ್ಲು ಹಾಸಿದೆವು. ಆದರೆ ಒಳಗಿಡಲು ಉಳಿದದ್ದು ಎರಡು ಹುಂಜ.

ಅದೇ ವಾರ ನೆಗೆಣ್ಣಿ ಮಸ್ಕಿಗೆ ಹೋದಳು. ಸಂಜೆಯಾಗುತ್ತಲೇ ಆಕೆಯ ಕೋಳಿ, ಮರಿ ಎಲ್ಲ ತಾವಾಗಿಯೇ ಗೂಡು ಸೇರಿದವು. ಚಿಲಕ ಹಾಕುವವರು ಮನೆಯಲ್ಲಿರಲಿಲ್ಲ, ಗೂಡಿನ ಬಾಗಿಲು ತೆರೆದೇ ಇತ್ತು. ನೋಡಿದೆ. ನೋಡಿಯೂ ಒಳಗೆ ಬಂದು ರೊಟ್ಟಿಗೆ ಹಿಟ್ಟು ನಾದಿದೆ. ಆಕೆಗೂ ಒಂದು ಸಲ ಗೊತ್ತಾಗಲಿ ಎಂದುಕೊಂಡದ್ದು ನಿಜ.

ನಾಲ್ಕನೆಯ ರೊಟ್ಟಿ ಬಡಿಯುವಾಗ ಕೋಳಿಗಳು ಚೀರಿದವು. ಏನಾಯಿತೋ, ಹಿಟ್ಟಿನ ಕೈಯಲ್ಲೇ ಗೋಡೆ ಹಾರಿ ಓಡಿದೆ. ಮುಂಗುಸಿ ತಪ್ಪಿಸಿಕೊಂಡಿತು. ಐದು ಮರಿ ಸತ್ತು ಬಿದ್ದಿದ್ದವು. ಚಿಲಕ ಹಾಕಿ ಅಲ್ಲೇ ಕುಕ್ಕರಿಸಿದೆ.

ಬಸ್ಸಿಳಿದು ಬಂದ ನೆಗೆಣ್ಣಿ ಮರಿಗಳನ್ನು ನೋಡಿದಳು, ಚಿಲಕಕ್ಕೆ ಮೆತ್ತಿದ ಹಿಟ್ಟನ್ನೂ ನೋಡಿದಳು.

"ರೊಟ್ಟಿ ಬಿಟ್ಟು ಓಡಿ ಬಂದೀಯಲ್ಲ ತಂಗಿ. ನೀ ಇದ್ದಿದ್ದಕ್ಕ ಇಷ್ಟರ ಉಳದಾವು. ಬಾಗಲಾ ತೆರದಿದ್ದು ನಿನಗ ಕಂಡಿರ್ಲಿಕ್ಕಿಲ್ಲ, ಪಾಪ."

"ಇಲ್ಲಕ್ಕ, ಕಾಣ್ಲಿಲ್ಲ" ಎಂದೆ.

ಮರುದಿನ ಬೆಳಿಗ್ಗೆ ಆಕೆ ಎರಡು ಹೇಂಟೆ ಮರಿಗಳನ್ನು ಸೆರಗಿನಲ್ಲಿ ತಂದು ನನ್ನ ಗೂಡಿಗೆ ಬಿಟ್ಟಳು. ಚಿಲಕ ನಾನೇ ಹಾಕಿದೆ. ಕೊಡುವುದು ಈಕೆಗೆ ಇಷ್ಟು ಸಲೀಸಾಗಿ ಬರುತ್ತದಲ್ಲ ಎಂದು ಅದಕ್ಕೂ ಹೊಟ್ಟೆಕಿಚ್ಚುಪಟ್ಟೆ.