ವಿಮಾನದಲ್ಲಿ ಅಜ್ಜಿಯ ಸೀಟು

ಇವತ್ತು ಕಾಲೇಜಿನ ಲ್ಯಾಬಿನಲ್ಲಿ ಬಿಸಿಯಾದ ಮಾನಿಟರಿನ ವಾಸನೆ ಮೂಗಿಗೆ ಬಡಿದದ್ದೇ, ಮನಸ್ಸು ಗೌನಿಪಲ್ಲಿಯ ಮಾವನ ಮನೆಗೆ ಓಡಿತು.

ಬೇಸಿಗೆ ರಜೆಗೆ ಹಾಸ್ಟೆಲಿನಿಂದ ಅಲ್ಲಿಗೇ ಹೋಗುತ್ತಿದ್ದೆ. ಮಾವ ತಂದಿದ್ದ ಹಳೆಯ ಕಂಪ್ಯೂಟರಿಗೆ ಅಜ್ಜಿ ತನ್ನ ನೂಲಿನ ಸೀರೆ ಹೊದಿಸಿದ್ದಳು. ಕೈ ತೊಳೆಯದೆ ಅದನ್ನು ಸರಿಸುತ್ತಿರಲಿಲ್ಲ. ಅದರಲ್ಲಿ ನಾವೇ ವಿಮಾನ ಕಟ್ಟಿ ಹಾರಿಸುವ ಆಟವೊಂದಿತ್ತು.

"ಏನ್ಲಾ ಹಾಸ್ಟೆಲ್ ದೊರೆ, ಬರೀ ಇಂಗ್ಲೀಷ್ ಹಾರಿಸ್ತೀಯೋ, ವಿಮಾನಾನೂ ಹಾರಿಸ್ತೀಯೋ?" ಎಂದು ಒಂದು ದಿನ ಮಾವ ಕೆಣಕಿದರು.

ಮನೆಯವರೆಲ್ಲ ಸುತ್ತ ನಿಂತರು. ಒಬ್ಬೊಬ್ಬರಿಗೂ ಒಂದು ಸೀಟು ಇಟ್ಟೆ.

"ನಂಗೂ ಒಂದಿಡು ನಾಯನಾ, ಹಿಂದ್ಗಡೆ ಆದ್ರೂ ಪರವಾಗಿಲ್ಲ" ಎಂದಳು ಅಜ್ಜಿ. ಬಾಲದ ಹತ್ತಿರ ಇಟ್ಟೆ.

ವಿಮಾನ ನೆಲ ಬಿಟ್ಟ ಕೂಡಲೇ ಮೂತಿ ಮೇಲೆತ್ತಿ, ಹಿಂದಕ್ಕೆ ಮಗುಚಿ ಬಿತ್ತು.

"ಎಲ್ರನ್ನೂ ಸಾಯಿಸ್ಬಿಟ್ಯಲ್ಲೋ!" ಮಾವ ಬಿದ್ದು ಬಿದ್ದು ನಕ್ಕರು. ನನಗೆ ಅಳುವೇ ಬಂತು.

"ಬ್ಯಾಕಲ್ಲಿ ವೆಯ್ಟ್ ಜಾಸ್ತಿ. ಅಜ್ಜಿಯಿಂದಾನೇ ಪ್ರಾಬ್ಲಮ್" ಎಂದು ಅವಳ ಸೀಟನ್ನು ಕಿತ್ತುಹಾಕಿದೆ.

ಈ ಸಲ ವಿಮಾನ ಒಂದಿಷ್ಟೂ ಅಲುಗಾಡದೆ ಹಾರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿಯೂ ತಟ್ಟಿದಳು.

"ನಾನು ಮನೆ ನೋಡ್ಕೋತೀನಿ, ನೀವೆಲ್ಲ ಹೋಗ್ಬನ್ನಿ" ಎಂದಳು.

ಇವತ್ತು ಮೇಷ್ಟ್ರು ಬೋರ್ಡಿನ ಮೇಲೆ ವಿಮಾನ ಬರೆದು, ಬಾಲ ಭಾರವಾದರೆ ಏನು ಮಾಡಬೇಕೆಂದು ನನ್ನನ್ನೇ ಕೇಳಿದರು.

"ತೆಗೆದ್ಬಿಡ್ಬೇಕು ಸಾರ್."

"ಯಾಕಪ್ಪ ತೆಗೀತೀಯ? ಮುಂದಕ್ಕೆ ತಂದು ಕೂರಿಸು."

ಆವತ್ತು ಪೈಲಟ್ ನಾನೇ. ನನ್ನ ಪಕ್ಕದ ಜಾಗ ಖಾಲಿಯೇ ಇತ್ತು.