ಪಡಸಾಲೆಯ ಗೂಟ

ಪಡಸಾಲೆಯ ಗೋಡೆಯ ಮರದ ಗೂಟಕ್ಕೆ ನಾನು ನೇತುಹಾಕಿದ್ದ ಬ್ಯಾಗನ್ನು ಅತ್ತೆ ಅವತ್ತೂ ಕೆಳಗಿಳಿಸಿಟ್ಟಿದ್ದರು. ದಿನಾ ಇದೇ ಕತೆ. ನನಗೆ ರೇಗಿತು, ಮತ್ತೆ ಅಲ್ಲೇ ನೇತುಹಾಕಿದೆ.

ಕೊಟ್ಟೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ನಾನು, ಗಿಡಗಳ ವೈಜ್ಞಾನಿಕ ಹೆಸರುಗಳ ಅರ್ಥ ತಿಳಿಯುವ ಹಟಕ್ಕೆ ಬಿದ್ದು ಮೊಬೈಲಿನಲ್ಲಿ ಲ್ಯಾಟಿನ್ ಕಲಿಯತೊಡಗಿದ್ದೆ. ರೋಮನ್ನರ ಮನೆಯ ಪಾಠ ಬಂದಿತ್ತು. ಪದಗಳು ನೆನಪಿರಲೆಂದು ನಮ್ಮ ಮನೆಗೇ ಚೀಟಿ ಅಂಟಿಸುತ್ತಿದ್ದೆ. ಬಾಗಿಲಿಗೆ ‘ಯಾನುವಾ’, ಅಡುಗೆಮನೆಗೆ ‘ಕುಲೀನಾ’. ಪಡಸಾಲೆಯ ‘ಆಟ್ರಿಯಂ’ ಚೀಟಿಯನ್ನು ಆ ಗೂಟದ ಮೇಲ್ಗಡೆ ಅಂಟಿಸಿದೆ.

“ಏನಂತ ಬರದಿಯವ್ವಾ?” ಎಂದರು ಅತ್ತೆ. ಪಾಠದಲ್ಲಿ ಓದಿದ್ದನ್ನೇ ಹೇಳಿದೆ: ಇದು ರೋಮನ್ನರ ಪಡಸಾಲೆಯ ಹೆಸರು, ಮನೆಯಲ್ಲಿ ಯಾರಾದರೂ ಸತ್ತರೆ ಕಾಲು ಬಾಗಿಲ ಕಡೆ ಮಾಡಿ ಅಲ್ಲೇ ಮಲಗಿಸುತ್ತಿದ್ದರಂತೆ.

“ಮಲಗಸ್ತಿದ್ರಾ? ನಮ್ಮಾಗ ಸತ್ತೋರ್ನ ಕುಂದ್ರಸ್ತೀವಿ,” ಎಂದು ಅತ್ತೆ ಗೂಟ ಮುಟ್ಟಿದರು. “ನಿಮ್ಮ ಮಾವಾರ್ನ ಇದಕ್ಕ ಕಟ್ಟಿ ಕುಂದ್ರಸಿದ್ವಿ. ನಾಳೆ ನನ್ನೂ ಇದಕ್ಕ ಕಟ್ತೀರಿ. ಚೀಲ ಹಾಕಬ್ಯಾಡವ್ವಾ.”

ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಅತ್ತೆ ತೀರಿಕೊಂಡರು. ವಿಭೂತಿ ಹಚ್ಚಿ ಕೂರಿಸಿದಾಗ ಅವರ ತಲೆ ವಾಲುತ್ತಿತ್ತು. ಹಣೆಗೆ ಬಿಳಿ ಬಟ್ಟೆ ಸುತ್ತಿ ಆ ಗೂಟಕ್ಕೆ ಬಿಗಿದವಳು ನಾನೇ. ಓಣಿಯವರೆಲ್ಲ ಕೈಮುಗಿದು ಹೋದ ಮೇಲಷ್ಟೇ ನೋಡಿದೆ, ಅವರ ನೆತ್ತಿಯ ಮೇಲ್ಗಡೆ ಗೋಡೆಯಲ್ಲಿ ನನ್ನ ‘ಆಟ್ರಿಯಂ’ ಚೀಟಿ ಹಾಗೇ ಇತ್ತು.

ಚೀಟಿಗಳನ್ನೆಲ್ಲ ಕಿತ್ತು ಹಾಕಿದ್ದೇನೆ. ಗೂಟ ಖಾಲಿ ಇದೆ. ಮುಂದಿನ ಸರದಿ ನನ್ನ ಗಂಡನದೋ ನನ್ನದೋ ಗೊತ್ತಿಲ್ಲ. ಬ್ಯಾಗನ್ನು ಈಗ ನಾನೇ ನೆಲದ ಮೇಲಿಡುತ್ತೇನೆ.